ಕನಸಿನೊಳಗಿನ ಸುಳ್ಳು ನೆನಪು: ಹಂಪಿಯ ವೇದಾಂತದಿಂದ ನಿದ್ರಾ ಪ್ರಯೋಗಾಲಯದವರೆಗೆ

ಕನಸು ಕಾಣುವವರಿಗೆ ಕನಸಿನೊಳಗೇ ಕೆಲವು ಸಂಗತಿಗಳು ನೆನಪಾಗುತ್ತವೆ. ಎಂದೂ ಕಾಲಿಡದ ಮನೆಯಲ್ಲಿ ಹತ್ತಾರು ವರ್ಷ ಬಾಳಿದ್ದೇನೆ, ಎದುರಿಗಿರುವ ಅಪರಿಚಿತ ಬಾಲ್ಯದ ಗೆಳೆಯ, ಇದೇ ಊರಿಗೆ ಹಿಂದೆಯೂ ಬಂದಿದ್ದೆ ಎಂಬ ಅರಿವು ಯಾವ ಅನುಮಾನಕ್ಕೂ ಎಡೆಯಿಲ್ಲದೆ ಮೂಡುತ್ತದೆ. ಎಚ್ಚರವಾದಾಗ ಅಂಥ ಗತಕಾಲ ಇರಲೇ ಇಲ್ಲವೆಂದು ತಿಳಿಯುತ್ತದೆ. ಕನಸಿನ ದೃಶ್ಯಗಳಿಗೆ ಹೋಲಿಸಿದರೆ ಕನಸಿನ ನೆನಪುಗಳ ಬಗ್ಗೆ ಬರೆದದ್ದು ಕಡಿಮೆ. ಆದರೂ ಪ್ರಶ್ನೆ ಹಳೆಯದು.

ವೈಶೇಷಿಕ ದರ್ಶನದ ಪ್ರಶಸ್ತಪಾದ ತನ್ನ 'ಪದಾರ್ಥಧರ್ಮಸಂಗ್ರಹ'ದಲ್ಲಿ ಸಂಶಯ, ವಿಪರ್ಯಯ, ಅನಧ್ಯವಸಾಯಗಳ ಜೊತೆಗೆ ಸ್ವಪ್ನವನ್ನೂ ಅವಿದ್ಯೆಯ ಒಂದು ಬಗೆಯೆಂದು ಎಣಿಸಿದ. ಅಲ್ಲಿಯೇ 'ಸ್ವಪ್ನಾಂತಿಕ' ಎಂಬ ಇನ್ನೊಂದನ್ನು ಬೇರ್ಪಡಿಸಿದ. ನಿದ್ರೆಯಲ್ಲೇ ಹುಟ್ಟಿದರೂ ಅದು ಆಗಿಹೋದ ಅರಿವುಗಳನ್ನು ಹಿಂತಿರುಗಿ ನೋಡುವುದರಿಂದ ಅದನ್ನು ಸ್ಮೃತಿಯೆಂದೇ ಕರೆದ. ಕಾಣುವುದು ಬೇರೆ, ಕನಸಿನಲ್ಲೇ ನೆನೆಯುವುದು ಬೇರೆ ಎಂಬ ಈ ವಿಂಗಡಣೆ ಬಹು ಸೂಕ್ಷ್ಮವಾದದ್ದು. ಪ್ರಾಭಾಕರ ಮೀಮಾಂಸಕರ ದೃಷ್ಟಿಯಲ್ಲಿ ಕನಸೆಲ್ಲವೂ ನೆನಪೇ, 'ಇದು ನೆನಪು' ಎಂಬ ಗುರುತು ಮಾತ್ರ ಕಳುವಾಗಿರುತ್ತದೆ. ಅದನ್ನು ಅವರು ಸ್ಮೃತಿಪ್ರಮೋಷ ಎಂದರು. ಸುಳ್ಳು ನೆನಪಿನಲ್ಲಿ ಆಗುವುದು ಇದರ ತಿರುವುಮುರುವು: ಆಗಷ್ಟೇ ಹುಟ್ಟಿದ ಕಲ್ಪನೆಗೆ ನೆನಪಿನ ಮುದ್ರೆ ಬೀಳುತ್ತದೆ.

ವಿಜಯನಗರದ ಕಾಲದಲ್ಲಿ ಈ ಚರ್ಚೆಗೆ ಹಂಪಿಯ ನಂಟು ಬೆಳೆಯಿತು. 14ನೆಯ ಶತಮಾನದ ಅದ್ವೈತಿ ವಿದ್ಯಾರಣ್ಯರ 'ಜೀವನ್ಮುಕ್ತಿವಿವೇಕ' ಹೆಜ್ಜೆಹೆಜ್ಜೆಗೂ ಯೋಗವಾಸಿಷ್ಠವನ್ನು ಉದ್ಧರಿಸುತ್ತದೆ. ಆ ಯೋಗವಾಸಿಷ್ಠದಲ್ಲಿ ಲವಣ ರಾಜನ ಕಥೆಯಿದೆ. ಐಂದ್ರಜಾಲಿಕನೊಬ್ಬನ ಮಾಯೆಯಿಂದ ಸಭೆಯಲ್ಲೇ ಸ್ವಲ್ಪ ಹೊತ್ತು ಮೈಮರೆತ ರಾಜ, ಎಚ್ಚತ್ತ ಮೇಲೆ ಚಾಂಡಾಲರ ನಡುವೆ ಸಂಸಾರ ಹೂಡಿ ಕಳೆದ ದೀರ್ಘಕಾಲವನ್ನು ವಿವರಿಸುತ್ತಾನೆ. ಆ ವರ್ಷಗಳನ್ನು ಅವನು ಬಾಳಿದನೇ, ಇಲ್ಲವೇ ಬಾಳಿದ ನೆನಪಷ್ಟೇ ಅವನಿಗೆ ದಕ್ಕಿತೇ? ಇಂದಿನ ಸಂಶೋಧನೆಯ ತಿರುಳು ಇದೇ ಪ್ರಶ್ನೆ.

ದ್ವೈತ ಮತದ ಮಧ್ವಾಚಾರ್ಯರದು ಬೇರೆ ದಾರಿ. ಕನಸಿನ ವಸ್ತುಗಳು ಮನಸ್ಸಿನ ವಾಸನೆಗಳಿಂದ ಈಶ್ವರ ನಿರ್ಮಿಸಿದ ಸತ್ಯವಸ್ತುಗಳು. ಅವನ್ನು ಎಚ್ಚರದ ವಸ್ತುಗಳೆಂದು ಬಗೆಯುವುದಷ್ಟೇ ಭ್ರಮೆ ಎಂದರು. ಜಗತ್ತು ಕನಸಿನಂತೆ ಮಿಥ್ಯೆ ಎಂಬ ಅದ್ವೈತಿಗಳ ವಾದವನ್ನು 'ನ್ಯಾಯಾಮೃತ'ದಲ್ಲಿ ಖಂಡಿಸಿದ ವ್ಯಾಸತೀರ್ಥರು ಬಾಳಿದ್ದು ವಿಜಯನಗರದಲ್ಲಿ. ಅವರ ಬೃಂದಾವನ ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿದೆ. ಸುಳ್ಳು ನೆನಪಿಗೆ ಹೆಚ್ಚು ಹೊಂದುವುದು ಮಧ್ವರ ನಿಲುವೇ. ನೆನಪಾಗಿ ಮೂಡಿದ ಚಿತ್ರ ಸುಳ್ಳಲ್ಲ. ಅದು ಎಲ್ಲಿಂದ ಬಂತೆಂಬ ತೀರ್ಮಾನ ಸುಳ್ಳು. 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಮಾರ್ಸಿಯಾ ಜಾನ್ಸನ್ ಮತ್ತು ಕ್ಯಾರಲ್ ರೇ ಮಂಡಿಸಿದ ಸಿದ್ಧಾಂತವೂ, ಮನಸ್ಸು ಕಂಡದ್ದನ್ನೂ ಕಲ್ಪಿಸಿದ್ದನ್ನೂ ಅವುಗಳ ಗುಣಲಕ್ಷಣ ನೋಡಿ ವಿಂಗಡಿಸುತ್ತದೆ, ಆ ವಿಂಗಡಣೆ ತಪ್ಪಬಹುದು ಎಂದೇ ಹೇಳುತ್ತದೆ.

ಯುರೋಪಿನಲ್ಲಿ ಕನಸು ಎಷ್ಟು ಹೊತ್ತು ನಡೆಯುತ್ತದೆಂಬ ಚರ್ಚೆ ಕಾವೇರಿದ್ದು ಫ್ರೆಂಚ್ ವಿದ್ವಾಂಸ ಆಲ್ಫ್ರೆಡ್ ಮೊರಿಯ ಕನಸಿನಿಂದ. ಮಂಚದ ಪಟ್ಟಿ ಕುತ್ತಿಗೆಯ ಮೇಲೆ ಬಿದ್ದು ಎಚ್ಚರಗೊಂಡ ಆತ, ಫ್ರೆಂಚ್ ಕ್ರಾಂತಿಯ ವಿಚಾರಣೆಯಿಂದ ಗಿಲೊಟಿನ್‌ವರೆಗಿನ ಉದ್ದನೆಯ ಕನಸನ್ನು ಕಂಡಿದ್ದಾಗಿ 1861ರ ತನ್ನ ಪುಸ್ತಕದಲ್ಲಿ ಬರೆದ. ಇಡೀ ಕನಸು ಕ್ಷಣದಲ್ಲಿ ನಡೆಯಿತೆಂದು ಹಲವರು ನಂಬಿದರು. ಎಚ್ಚರಗೊಳ್ಳುವಾಗಲೇ ಕನಸು ಕಟ್ಟಿಕೊಳ್ಳುತ್ತದೆ ಎಂದು 1896ರಲ್ಲಿ ಫ್ರೆಂಚ್ ತತ್ವಜ್ಞಾನಿ ಎಡ್ಮಂಡ್ ಗೊಬ್ಲೊ ವಾದಿಸಿದ.

1953ರಲ್ಲಿ ಷಿಕಾಗೊದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ರೆಮ್ ನಿದ್ರೆಯನ್ನು ಗುರುತಿಸಿದ ಮೇಲೆ ಊಹೆಗೆ ಅಳತೆ ಸಿಕ್ಕಿತು. 1957ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್, ರೆಮ್ ನಿದ್ರೆ ಶುರುವಾಗಿ 5 ಅಥವಾ 15 ನಿಮಿಷಕ್ಕೆ ಜನರನ್ನು ಎಬ್ಬಿಸಿ, ಎಷ್ಟು ಹೊತ್ತು ಕನಸು ಕಂಡಿರೆಂದು ಕೇಳಿದರು. ಬಹುಪಾಲು ಉತ್ತರಗಳು ಸರಿಯಿದ್ದವು. ಕನಸಿನ ಕಾಲ ಹೆಚ್ಚುಕಡಿಮೆ ಗಡಿಯಾರದ ಕಾಲವೇ ಆದರೆ ಹದಿನೈದು ನಿಮಿಷದಲ್ಲಿ ಇಪ್ಪತ್ತು ವರ್ಷ ಬಾಳುವುದು ಸಾಧ್ಯವಿಲ್ಲ. ಆ ವರ್ಷಗಳು ಸಿದ್ಧ ನೆನಪಾಗಿಯೇ ಒದಗಿರಬೇಕು. ಸುಳ್ಳು ನೆನಪಿನ ಪರವಾಗಿ ಇದು ಗಟ್ಟಿಯಾದ ತರ್ಕ.

ಮಿದುಳಿನ ಕಡೆಯ ಕಾರಣ ಮಿದುಳಿನ ಚಟುವಟಿಕೆಯನ್ನು ಅಳೆಯುವ 1996–97ರ ಪೆಟ್ ಸ್ಕ್ಯಾನ್ ಅಧ್ಯಯನಗಳಿಂದ ಸ್ಪಷ್ಟವಾಯಿತು. ರೆಮ್ ನಿದ್ರೆಯಲ್ಲಿ ಭಾವನೆಯ ಕೇಂದ್ರವಾದ ಅಮಿಗ್ಡಲಾ ಚುರುಕಾಗಿರುತ್ತದೆ. ನೆನಪನ್ನು ಪರಿಶೀಲಿಸಿ ಒಪ್ಪುವ ಮುಂಭಾಗದ ಹೊರಮೈ ಮಂಕಾಗಿರುತ್ತದೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಕೆಲವು ರೋಗಿಗಳು ನಡೆಯದ ಘಟನೆಗಳನ್ನು ನಿಜವೆಂದೇ ನಂಬಿ ಹೇಳುವುದುಂಟು. ನಿದ್ರಾ ಸಂಶೋಧಕ ಅಲನ್ ಹಾಬ್ಸನ್ ಕನಸನ್ನು ಅದಕ್ಕೆ ಹೋಲಿಸಿದರು. 2003ರಲ್ಲಿ ಫಾಸೆ, ಹಾಬ್ಸನ್ ಮತ್ತು ಸ್ಟಿಕ್‌ಗೋಲ್ಡ್ 29 ಮಂದಿಯ 299 ಕನಸುಗಳನ್ನು ಪರಿಶೀಲಿಸಿದಾಗ, ಎಚ್ಚರದ ಘಟನೆ ಇದ್ದ ಹಾಗೆಯೇ ಮರುಕಳಿಸಿದ್ದು ಶೇ. 1–2ರಷ್ಟರಲ್ಲಿ ಮಾತ್ರ. ಹಲವು ಕನಸುಗಳಲ್ಲಿದ್ದದ್ದು ಅನುಭವದ ಚೂರುಗಳಷ್ಟೇ. ಹಿಂದಿನ ಅನುಭವಗಳು ಬಿಟ್ಟ ಸಂಸ್ಕಾರಗಳು ಬೆರೆತು ಕನಸಾಗುತ್ತವೆ ಎಂಬ ಹಳೆಯ ದಾರ್ಶನಿಕರ ಮಾತಿಗೆ ಇದು ದೂರವಲ್ಲ.

ಕನಸಿನ ಸುಳ್ಳು ಎಚ್ಚರಕ್ಕೂ ದಾಟುತ್ತದೆ. 1990ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆಯರಾದ ಜ್ಯುಲಿಯಾನಾ ಮಜ್ಜೋನಿ ಮತ್ತು ಎಲಿಜಬೆತ್ ಲಾಫ್ಟಸ್, ಕನಸಿಗೆ ಅರ್ಥ ಹೇಳುವ ನೆಪದಲ್ಲಿ ಬಾಲ್ಯದ ಇಲ್ಲದ ಘಟನೆಯನ್ನು ನಂಬಿಸಬಹುದೆಂದು ತೋರಿಸಿದರು. ಹಗಲಲ್ಲೂ ತಡೆಯಲಾಗದ ನಿದ್ರೆ ಬರುವ ನಾರ್ಕೊಲೆಪ್ಸಿ ರೋಗಿಗಳಲ್ಲಿ ಶೇ. 83 ಮಂದಿ ಕನಸನ್ನು ನಡೆದ ಘಟನೆಯೆಂದು ತಿಳಿದದ್ದುಂಟು, ಇತರರಲ್ಲಿ ಹಾಗೆ ತಿಳಿದವರು ಶೇ. 15 ಎಂದು 2014ರ ಅಧ್ಯಯನ ಕಂಡುಕೊಂಡಿತು.

ಅರೆನಿದ್ರೆಯ ನೆನಪನ್ನು ಸಾಕ್ಷ್ಯವೆಂದು ನಂಬುವ ಅಪಾಯ ನ್ಯಾಯಾಲಯಕ್ಕೂ ಬಂತು. ಪೆಂಟೊಥಾಲ್ ಕೊಟ್ಟು ಮಂಪರಿನಲ್ಲಿ ಹೇಳಿಕೆ ಪಡೆಯುವ ಮಂಪರು ಪರೀಕ್ಷೆ ಬೆಂಗಳೂರಿನಲ್ಲಿ ಹೆಚ್ಚು ಬಳಕೆಯಲ್ಲಿತ್ತು. ಆ ಸ್ಥಿತಿಯಲ್ಲಿ ನಿಜಕ್ಕೆ ಕಲ್ಪನೆ ಬೆರೆಯುತ್ತದೆ, ಪ್ರಶ್ನೆ ಕೇಳುವವನ ಸೂಚನೆಯೂ ಸೇರಿಕೊಳ್ಳುತ್ತದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು.