ಚೇಳಮ್ಮನ ಕಾಣಿಕೆ, ಸೌದೆ ತಟ್ಟುವ ಕೋಲು: ನಮ್ಮ ಊರುಗಳಿಗೆ ಪುಕ್ಕಟೆ ಆಂಟಿವೈರಸ್ ಬಂದ ಕಥೆ

ಕೋಲಾರಮ್ಮನ ಗುಡಿಗೆ ಹೋದವರು ಅಲ್ಲೇ ಇರುವ ಚೇಳಮ್ಮನಿಗೂ ಕೈಮುಗಿದು ಬರುತ್ತಾರೆ. ಆ ತಾಯಿಗೆ ಕಾಣಿಕೆ ಹಾಕಿದವರಿಗೆ ಚೇಳು ಕಚ್ಚುವುದಿಲ್ಲ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ನಮ್ಮ ಅಜ್ಜಿಯೂ ತಪ್ಪದೆ ಕಾಣಿಕೆ ಹಾಕುತ್ತಿದ್ದಳು. ಆದರೆ ಮನೆಗೆ ಬಂದು ಸೌದೆ ಎತ್ತುವಾಗ ಮೊದಲು ಕೋಲಿನಿಂದ ತಟ್ಟಿ ನೋಡಿ, ಆಮೇಲೆ ಕೈ ಹಾಕುತ್ತಿದ್ದಳು. ನಂಬಿಕೆಯ ಪಾಡಿಗೆ ನಂಬಿಕೆ, ಎಚ್ಚರದ ಪಾಡಿಗೆ ಎಚ್ಚರ.

ಮನೆಗೆ ಕಂಪ್ಯೂಟರ್ ಬಂದಾಗ ನಾವು ಅಜ್ಜಿಯಿಂದ ಅರ್ಧ ಪಾಠ ಮಾತ್ರ ಕಲಿತಿದ್ದೆವು. ಪುಕ್ಕಟೆ ಆಂಟಿವೈರಸ್ ಹಾಕಿಸಿದೆವು, ಕೋಲನ್ನು ಮರೆತೆವು. ಅದರಿಂದ ಏನು ಕಳೆದುಕೊಂಡೆವು ಎಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ಈ ಪುಕ್ಕಟೆ ಕಾವಲುಗಾರ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಿಗೆ ಯಾವ ದಾರಿಯಲ್ಲಿ ಬಂದ ಎಂದು ನೋಡೋಣ.

ಕಂಪ್ಯೂಟರ್ ಬಂದ ದಾರಿ

ನಮ್ಮ ರೈತರಲ್ಲಿ ಬಹಳ ಮಂದಿ ಕಂಪ್ಯೂಟರ್ ಅನ್ನು ಮೊದಲು ಹತ್ತಿರದಿಂದ ಕಂಡದ್ದು ತಾಲ್ಲೂಕು ಕಚೇರಿಯಲ್ಲಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರ್‌ಗೆ ಏರಿದವು. ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಸಿಗುತ್ತಿತ್ತು. ಆ ಪೆಟ್ಟಿಗೆಯೊಳಗೆ ನಮ್ಮ ಹೊಲವೂ ಇದೆ ಎಂದು ಜನ ನಂಬಿದ್ದು ಆಗಲೇ.

ಮನೆಗಳಿಗೆ ಅದು ಬಂದದ್ದು ಬೇರೆ ದಾರಿಯಲ್ಲಿ. ಮಾಲೂರಿನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಜೋಡಿಸಿದ ಕಂಪ್ಯೂಟರ್ ತರುತ್ತಿದ್ದರು. ಅದರೊಳಗಿನ ವಿಂಡೋಸ್ ಹೆಚ್ಚಾಗಿ ದುಡ್ಡು ಕೊಟ್ಟದ್ದಾಗಿರುತ್ತಿರಲಿಲ್ಲ, ನಕಲು. ಜೊತೆಗೆ ಒಂದು ಸಿಡಿ ಬರುತ್ತಿತ್ತು. ಕನ್ನಡ ಟೈಪ್ ಮಾಡಲು 1998ರಲ್ಲಿ ಬಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ', ಹಾಡು ಕೇಳಲು ಒಂದು ಪ್ಲೇಯರ್, ಕೊನೆಗೆ ಒಂದು ಪುಕ್ಕಟೆ ಆಂಟಿವೈರಸ್. ಎಲ್ಲವೂ ಅದೇ ಸಿಡಿಯಲ್ಲಿ.

ವೈರಸ್ ಬಂದ ದಾರಿ

ಲೋಕದಲ್ಲೆಲ್ಲ ಹರಡಿದ ಮೊದಲ ಪಿಸಿ ವೈರಸ್ ನಮ್ಮ ನೆರೆಯಲ್ಲೇ ಹುಟ್ಟಿತು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೇನ್' ಅದು. ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತಿತ್ತು. ಅದರೊಳಗೆ ಅವರ ಅಂಗಡಿಯ ವಿಳಾಸ, ಫೋನ್ ನಂಬರ್ ಕೂಡ ಇತ್ತು!

1990ರಲ್ಲಿ ಭಾರತದಲ್ಲೇ ಸಿಕ್ಕ 'ಜೋಶಿ' ವೈರಸ್ ಇನ್ನೂ ತಮಾಷೆಯದು. ಜನವರಿ 5ರಂದು ಕಂಪ್ಯೂಟರ್ ನಿಂತುಬಿಡುತ್ತಿತ್ತು. ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡಿದರೆ ಮಾತ್ರ ಮುಂದಕ್ಕೆ ಬಿಡುತ್ತಿತ್ತು.

ತಮಾಷೆ ಮುಗಿದದ್ದು 1999ರ ಏಪ್ರಿಲ್ 26ರಂದು. ತೈವಾನಿನ ಒಬ್ಬ ವಿದ್ಯಾರ್ಥಿ ಬರೆದ 'ಸಿಐಎಚ್' ವೈರಸ್ ಆ ದಿನ ಎದ್ದು ಹಾರ್ಡ್‌ಡಿಸ್ಕ್ ಅಳಿಸಿತು. ಕೆಲವು ಕಂಪ್ಯೂಟರ್‌ಗಳು ಮತ್ತೆ ಆನ್ ಆಗದ ಹಾಗೆ ಮದರ್‌ಬೋರ್ಡಿನ ಚಿಪ್ಪನ್ನೇ ಕೆಡಿಸಿತು. ಜನರು ಇದನ್ನು ಚೆರ್ನೋಬಿಲ್ ವೈರಸ್ ಎಂದೂ ಕರೆದರು.

ಹೊಡೆತ ಬಿದ್ದ ಕಡೆ ಮದ್ದು ಮಾರುವವರೂ ಹುಟ್ಟಿದರು. 1991ರಲ್ಲಿ ಚೆನ್ನೈನಲ್ಲಿ 'ಕೆ7' ಶುರುವಾಯಿತು. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಕಂಪ್ಯೂಟರ್ ರಿಪೇರಿಗೆ ಬಂದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ 'ಕ್ವಿಕ್ ಹೀಲ್' ಮಾಡಿದರು. ಇವು ದುಡ್ಡಿನವು. ನಮ್ಮ ಮನೆಗಳಿಗೆ ಬಂದ ಪುಕ್ಕಟೆಯವು ಮಾತ್ರ ಬಹಳ ದೂರದಿಂದ ಬಂದವು.

ಚೆಕ್ ದೇಶದ ಕಾವಲುಗಾರ

ಪ್ರಾಗ್ ನಗರದ ಇಬ್ಬರು 1988ರಲ್ಲಿ ಕಟ್ಟಿದ ಸಂಸ್ಥೆಯ 'ಅವಾಸ್ಟ್', ಅದೇ ಚೆಕ್ ದೇಶದ ಬ್ರನೋ ಊರಿನ 'ಎವಿಜಿ', ಜರ್ಮನಿಯ ಕೆಂಪು ಕೊಡೆಯ 'ಅವಿರಾ'. 2000ದ ನಂತರ ಈ ಮೂರೂ ಮನೆ ಬಳಕೆಗೆ ಪುಕ್ಕಟೆ ಸಿಗತೊಡಗಿದವು. ಪುಕ್ಕಟೆ ಕೊಟ್ಟದ್ದಕ್ಕೂ ಒಂದು ಲೆಕ್ಕವಿತ್ತು. ಹೆಚ್ಚು ಕಂಪ್ಯೂಟರ್‌ಗಳಲ್ಲಿ ಕೂತರೆ ಹೊಸ ವೈರಸ್ ಬೇಗ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ರೂಢಿಯಾದವರು ಕಚೇರಿಗೆ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಅವಾಸ್ಟ್ ನೆನಪಿಲ್ಲದ ಸೈಬರ್ ಸೆಂಟರ್ ಗಿರಾಕಿ ನಮ್ಮ ವಯಸ್ಸಿನವರಲ್ಲಿ ಇರಲಾರರು. ಎಲ್ಲರೂ ಸುಮ್ಮನೆ ಕೂತಿದ್ದಾಗ ಇದ್ದಕ್ಕಿದ್ದಂತೆ ಸ್ಪೀಕರ್‌ನಿಂದ ಒಂದು ದನಿ ಇಂಗ್ಲಿಷಿನಲ್ಲಿ, ವೈರಸ್ ಪಟ್ಟಿ ಅಪ್‌ಡೇಟ್ ಆಗಿದೆ ಎಂದು ಸಾರುತ್ತಿತ್ತು. ವೈರಸ್ ಸಿಕ್ಕರೆ ಸೈರನ್ ಬೇರೆ. ಮೊದಲ ಸಲ ಕೇಳಿದವರು ಎದ್ದು ನಿಂತದ್ದೂ ಉಂಟು.

ಆ 'ಪಟ್ಟಿ' ಎಂಬ ಮಾತೇ ಮುಖ್ಯ. ಪೊಲೀಸ್ ಠಾಣೆಯ ಗೋಡೆಗೆ ಕಳ್ಳರ ಫೋಟೊ ಅಂಟಿಸಿರುತ್ತಾರಲ್ಲ, ಆಂಟಿವೈರಸ್ಸಿನ ಪಟ್ಟಿಯೂ ಹಾಗೇ. ಫೋಟೊದಲ್ಲಿರುವವನನ್ನು ಹಿಡಿಯುತ್ತದೆ. ನಿನ್ನೆ ಹುಟ್ಟಿದ ಕಳ್ಳನ ಫೋಟೊ ಗೋಡೆಗೆ ಬರುವುದು ಅಪ್‌ಡೇಟ್ ಆದಾಗ. ಆಗಿನ ಪುಕ್ಕಟೆ ಆಂಟಿವೈರಸ್‌ಗೆ ಅದೇ ಪ್ರಾಣ.

ಅಪ್‌ಡೇಟ್‌ಗೆ ಇಂಟರ್ನೆಟ್ ಬೇಕು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದದ್ದೇ 2005ರಲ್ಲಿ. ಅದು ಹಳ್ಳಿಯ ಮನೆಗೆ ತಲುಪಲು ಇನ್ನೂ ವರ್ಷಗಳು ಹಿಡಿದವು. ಹಾಗಾಗಿ ನಾವು ಪೇಟೆಯ ಸೈಬರ್‌ನಲ್ಲಿ ಅಪ್‌ಡೇಟ್ ಫೈಲ್ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯುತ್ತಿದ್ದೆವು. ಮದ್ದು ತಂದ ಪೆನ್‌ಡ್ರೈವ್‌ನಲ್ಲೇ ರೋಗವೂ ಬರುತ್ತಿತ್ತು.

ಪೆನ್‌ಡ್ರೈವ್ ಕಾಲ

ಆಗಿನ ವಿಂಡೋಸ್‌ನಲ್ಲಿ ಒಂದು ಚಾಳಿ ಇತ್ತು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ, ಇಲ್ಲವೇ ಅದನ್ನು ಡಬಲ್ ಕ್ಲಿಕ್ ಮಾಡಿದಾಗ, ಒಳಗಿದ್ದದ್ದು ತಾನಾಗಿ ಓಡುತ್ತಿತ್ತು. ಆಟೋರನ್ ಎಂದು ಹೆಸರು. ವೈರಸ್‌ಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೆ? 2007ರಲ್ಲಿ ಹರಡಿದ 'ಹೀಪ್41ಎ' ಎಂಬ ವೈರಸ್ ಆರ್ಕುಟ್ ತೆರೆದವರನ್ನು ಗೇಲಿ ಮಾಡಿ ಕಿಟಕಿ ಮುಚ್ಚುತ್ತಿತ್ತು. 'ನ್ಯೂ ಫೋಲ್ಡರ್' ಎಂಬ ಹೆಸರಿನಲ್ಲಿ, ಫೋಲ್ಡರ್ ವೇಷದಲ್ಲೇ ಬರುವ ಇನ್ನೊಂದಿತ್ತು.

2008ರ ನವೆಂಬರಿನಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಲೋಕದಲ್ಲಿ ಲಕ್ಷಾಂತರ ಕಂಪ್ಯೂಟರ್ ಹಿಡಿಯಿತು. ಅದು ನುಗ್ಗಿದ ತೂತನ್ನು ಮುಚ್ಚುವ ರಿಪೇರಿಯನ್ನು ಮೈಕ್ರೋಸಾಫ್ಟ್ ಒಂದು ತಿಂಗಳು ಮೊದಲೇ, ಅಕ್ಟೋಬರಿನಲ್ಲೇ ಕೊಟ್ಟಿತ್ತು. ಆದರೆ ನಕಲು ವಿಂಡೋಸ್ ಇಟ್ಟುಕೊಂಡವರು ಸಿಕ್ಕಿಬೀಳುವ ಭಯಕ್ಕೆ ಅಪ್‌ಡೇಟನ್ನೇ ಬಂದ್ ಮಾಡಿದ್ದರು. ನಾವೂ ಹಾಗೇ ಮಾಡಿದ್ದೆವು.

ಆಟೋರನ್ ಚಾಳಿಯನ್ನು ಪೆನ್‌ಡ್ರೈವ್‌ಗೆ ಬಂದ್ ಮಾಡುವ ಅಪ್‌ಡೇಟ್ 2011ರ ಫೆಬ್ರುವರಿಯಲ್ಲಿ ಹಳೆಯ ವಿಂಡೋಸ್‌ಗೂ ಬಂತು. ವೈರಸ್ ಬರೆಯುವವರು ಆಗ ಬೇರೆ ಉಪಾಯ ಹಿಡಿದರು. ತಾನಾಗಿ ಓಡದಿದ್ದರೆ ನಿಮ್ಮ ಕೈಯಿಂದಲೇ ಕ್ಲಿಕ್ ಮಾಡಿಸುವುದು. ಅದೇ 'ಶಾರ್ಟ್‌ಕಟ್ ವೈರಸ್'. ನಮ್ಮ ಮನೆಗೆ ಬಂದದ್ದು ಇದು.

ನಾವು ಕಳೆದುಕೊಂಡದ್ದು

ಅಜ್ಜಿಗೆ ಬೀಸುವ ಪದ, ಸೋಬಾನೆ ಪದ ಬಹಳ ಬರುತ್ತಿದ್ದವು. ಗಡಿ ಸೀಮೆಯಲ್ಲವೇ, ಒಂದು ಸಾಲು ಕನ್ನಡವಾದರೆ ಮುಂದಿನ ಸಾಲು ತೆಲುಗು. ನಾವು ಡಿಪ್ಲೊಮಾ ಮುಗಿಸಿದ ಹೊಸದರಲ್ಲಿ ಒಂದು ಬೇಸಿಗೆಯೆಲ್ಲ ಕೂತು ಅವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆವು. ಮೆಮೊರಿ ಕಾರ್ಡ್ ತುಂಬಿತು. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ ಕಾರ್ಡ್ ಖಾಲಿ ಮಾಡಿದೆವು.

ಅದೇ ಪೆನ್‌ಡ್ರೈವ್ ತೆಗೆದುಕೊಂಡು ಒಂದು ಜೆರಾಕ್ಸ್ ಅಂಗಡಿಗೆ ಹೋಗಿ ಅರ್ಜಿಯೊಂದನ್ನು ಪ್ರಿಂಟ್ ಹಾಕಿಸಿದೆವು. ಮನೆಗೆ ಬಂದು ನೋಡಿದರೆ ಫೋಲ್ಡರ್‌ಗಳೆಲ್ಲ ಮಾಯ. ಅವುಗಳ ಹೆಸರಿನಲ್ಲಿ ಸಣ್ಣ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕೂತಿದ್ದವು.

ನಮ್ಮ ಕಂಪ್ಯೂಟರ್‌ನಲ್ಲಿ ಆಂಟಿವೈರಸ್ ಇತ್ತು. ಅದಕ್ಕೆ ವರ್ಷಕ್ಕೊಮ್ಮೆ ಇಮೇಲ್ ಕೊಟ್ಟು ಮತ್ತೆ ನೋಂದಾಯಿಸಬೇಕಿತ್ತು. ನಾವು ನೋಂದಾಯಿಸಿರಲಿಲ್ಲ. ಮೂಲೆಯಲ್ಲಿ ಕೆಂಪು ಗುರುತು ತಿಂಗಳುಗಟ್ಟಲೆ ಕಾಣುತ್ತಿತ್ತು. ದಿನಾ ನೋಡುತ್ತಿದ್ದೆವು, ಏನೆಂದು ಒಂದು ದಿನವೂ ಓದಲಿಲ್ಲ.

"ಫಾರ್ಮೆಟ್ ಹೊಡೆದರೆ ಸರಿಹೋಗುತ್ತೆ ಬಿಡಣ್ಣ" ಎಂದ ಗೆಳೆಯ. ಹೊಡೆದೆವು. ಪೆನ್‌ಡ್ರೈವ್ ಹೊಸದರಂತಾಯಿತು. ಮಾರನೆಯ ದಿನವೇ ಅದಕ್ಕೆ ಸಿನಿಮಾ ತುಂಬಿದೆವು.

ಆ ವೈರಸ್ ಫೈಲ್‌ಗಳನ್ನು ಅಳಿಸುವುದಿಲ್ಲ, ಅಡಗಿಸಿಡುತ್ತದೆ ಅಷ್ಟೇ ಎಂಬುದು ನಮಗೆ ಗೊತ್ತಾದದ್ದು ವರ್ಷದ ಮೇಲೆ. 'ಅಡಗಿದ ಫೈಲ್ ತೋರಿಸು' ಎಂಬ ಆಯ್ಕೆಗಳನ್ನು ಬದಲಿಸಿದ್ದರೆ ಅಜ್ಜಿಯ ದನಿ ಅಲ್ಲೇ ಇತ್ತು. ಫಾರ್ಮೆಟ್ ಆದ ಮೇಲೂ ಹೊಸದೇನನ್ನೂ ತುಂಬದೆ ಬಿಟ್ಟಿದ್ದರೆ, ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳಿದ್ದವು. ಅಷ್ಟು ಹೊತ್ತಿಗೆ ಅಜ್ಜಿಯೂ ಇರಲಿಲ್ಲ. ವೈರಸ್ ನಮ್ಮಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಅಳಿಸಿದ್ದು ನಮ್ಮ ಕೈ.

ಪುಕ್ಕಟೆಗೂ ಬೆಲೆ ಇತ್ತು

2009ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಪುಕ್ಕಟೆ ಆಂಟಿವೈರಸ್ ಕೊಟ್ಟಿತು. ಅದು ಅಸಲಿ ವಿಂಡೋಸ್ ಇದ್ದವರಿಗೆ ಮಾತ್ರ. 2012ರ ವಿಂಡೋಸ್ 8ರಿಂದ ಆಂಟಿವೈರಸ್ ಒಳಗೇ ಬೆಸೆದುಕೊಂಡು ಬಂತು. ಇವತ್ತಿನ ವಿಂಡೋಸ್ 10, 11ರಲ್ಲಿ ಇರುವ 'ಡಿಫೆಂಡರ್' ಅದೇ.

2016ರಲ್ಲಿ ಅವಾಸ್ಟ್ ಕಂಪನಿ ಎವಿಜಿಯನ್ನು ಕೊಂಡುಕೊಂಡಿತು. 2020ರ ಜನವರಿಯಲ್ಲಿ ಒಂದು ಸುದ್ದಿ ಹೊರಬಿತ್ತು. ಜನ ಯಾವ ಯಾವ ವೆಬ್‌ಸೈಟ್ ನೋಡುತ್ತಾರೆ ಎಂಬ ಮಾಹಿತಿಯನ್ನು ಅವಾಸ್ಟ್ ತನ್ನ 'ಜಂಪ್‌ಶಾಟ್' ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1 ಕೋಟಿ 65 ಲಕ್ಷ ಡಾಲರ್ ಕಟ್ಟುವಂತೆ ಮಾಡಿತು. ಕಾವಲಿಗೆ ಕೂತವನೇ ಮನೆಗೆ ಯಾರು ಬಂದರು, ಹೋದರು ಎಂದು ಊರಿಗೆ ಹೇಳಿದ ಹಾಗಾಯಿತು. ಪುಕ್ಕಟೆಯದು ಬೇಡ ಎನ್ನುವುದಲ್ಲ. ಹಾಕುವಾಗ ಬರುವ ಪ್ರಶ್ನೆಗಳಿಗೆ ಓದದೆ 'ನೆಕ್ಸ್ಟ್, ನೆಕ್ಸ್ಟ್' ಒತ್ತಬಾರದು ಎಂಬುದು ಅದರ ಪಾಠ.

2017ರ ಮೇ 12ರಂದು 'ವನ್ನಾಕ್ರೈ' ಬಂತು. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಆಂಧ್ರಪ್ರದೇಶ ಪೊಲೀಸರ ಕೆಲವು ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಮುಳಬಾಗಿಲಿಗೆ ಅಂಟಿಕೊಂಡ ಚಿತ್ತೂರು ಜಿಲ್ಲೆಯ ಹೆಸರೂ ಆ ಸುದ್ದಿಯಲ್ಲಿತ್ತು. ಆಗಲೂ ರಿಪೇರಿ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಬಂದಿತ್ತು.

ಇವತ್ತು ಮನೆಯ ಕಂಪ್ಯೂಟರ್‌ಗೆ ಏನು ಮಾಡಬೇಕು?

ವಿಂಡೋಸ್ 10 ಅಥವಾ 11 ಇದ್ದರೆ ಬೇರೆ ಆಂಟಿವೈರಸ್ ಹುಡುಕುವ ಮೊದಲು 'ವಿಂಡೋಸ್ ಸೆಕ್ಯುರಿಟಿ' ತೆರೆದು ನೋಡಿ. 'ರಿಯಲ್ ಟೈಮ್ ಪ್ರೊಟೆಕ್ಷನ್' ಆನ್ ಇರಬೇಕು. ಹಸಿರು ಗುರುತು ಇರಬೇಕು. ಕೆಂಪೋ ಹಳದಿಯೋ ಕಂಡರೆ ಅದೇ ದಿನ ಓದಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಬೇರೆ ಪುಕ್ಕಟೆಯದು ಹಾಕಲೇಬೇಕೆಂದರೆ ಆಯಾ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಮಾತ್ರ ಇಳಿಸಿಕೊಳ್ಳಿ. ಹಾಕುವಾಗ ಜೊತೆಗೆ ಬರುವ ಬ್ರೌಸರ್, ಟೂಲ್‌ಬಾರ್‌ಗಳ ಟಿಕ್ ತೆಗೆಯಿರಿ. ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆ ಕೇಳಿದರೆ ಬೇಡವೆನ್ನಿ. ಒಂದು ಕಂಪ್ಯೂಟರ್‌ಗೆ ಒಂದೇ ಆಂಟಿವೈರಸ್ ಸಾಕು. ಎರಡು ಹಾಕಿದರೆ ಅವೆರಡೇ ಜಗಳವಾಡುತ್ತವೆ.

ಹಾಕಿದ ಮೇಲೆ ಮೊದಲು ಅಪ್‌ಡೇಟ್, ಆಮೇಲೆ ಒಂದು ಪೂರ್ತಿ ಸ್ಕ್ಯಾನ್. ಏನಾದರೂ ಸಿಕ್ಕರೆ 'ಕ್ವಾರಂಟೈನ್' ಒತ್ತಿ. ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಪದವೇ. ಫೈಲನ್ನು ಕೊಲ್ಲದೆ ಬೇರೆ ಕೋಣೆಯಲ್ಲಿ ಇಡುತ್ತದೆ. ಹೊರಗೆ ಹೋಗಿ ಬಂದ ಪೆನ್‌ಡ್ರೈವನ್ನು ತೆರೆಯುವ ಮುಂಚೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಫಾರ್ಮೆಟ್ ಕೊನೆಯ ಮದ್ದು, ಮೊದಲನೆಯದಲ್ಲ. ಯಾವುದಾದರೂ ನಕಲು ಸಾಫ್ಟ್‌ವೇರ್ "ಆಂಟಿವೈರಸ್ ಆಫ್ ಮಾಡಿ" ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಳ್ಳನೇ ನಾಯಿ ಕಟ್ಟಿಹಾಕಿ ಎಂದಂತೆ ಅದು.

ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ ಎನ್ನುವವರಿಗೂ ಕಥೆ ಅದೇ. ಈಗ ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಪಿಎಂ ಕಿಸಾನ್, ವಾಹನದ ದಂಡ ಎಂಬ ಹೆಸರಿನಲ್ಲಿ 'ಎಪಿಕೆ' ಫೈಲ್ ಬರುತ್ತದೆ. ಕಳಿಸಿದವರು ಗುರುತಿನವರೇ ಆಗಿರಬಹುದು, ಅವರ ಫೋನೂ ಸಿಕ್ಕಿಬಿದ್ದಿರುತ್ತದೆ. ನಿಜವಾದ ಕರೆಯೋಲೆ ಫೋಟೊದಲ್ಲೋ ಪಿಡಿಎಫ್‌ನಲ್ಲೋ ಬರುತ್ತದೆ, ಎಪಿಕೆಯಲ್ಲಿ ಬರುವುದಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ 'ಸೈಬರ್ ಸ್ವಚ್ಛತಾ ಕೇಂದ್ರ'ದ ವೆಬ್‌ಸೈಟಿನಲ್ಲಿ ಕಂಪ್ಯೂಟರ್‌ಗೂ ಫೋನಿಗೂ ಪುಕ್ಕಟೆ ಸಾಧನಗಳಿವೆ.

ಫ್ಲಾಪಿಯಿಂದ ವಾಟ್ಸಾಪ್‌ವರೆಗೆ ಒಂದು ಮಾತು ಬದಲಾಗಿಲ್ಲ. ವೈರಸ್ ನಮ್ಮ ಊರುಗಳಿಗೆ ಬಂದದ್ದು ಹೆಚ್ಚಾಗಿ ಗುರುತಿನವರ ಕೈಯಿಂದಲೇ. ಅವರನ್ನು ಅನುಮಾನಿಸಬೇಕಿಲ್ಲ. ಅವರು ಕೊಟ್ಟದ್ದನ್ನು ಒಂದು ಸಲ ತಟ್ಟಿ ನೋಡಿದರೆ ಸಾಕು.

ಅಜ್ಜಿಯ ಪದಗಳಲ್ಲಿ ಎರಡು ನಮ್ಮ ಸೋದರತ್ತೆಗೆ ಬರುತ್ತವೆ. ಹೋದ ಸಂಕ್ರಾಂತಿಗೆ ಅವರಿಂದ ಹೇಳಿಸಿ ರೆಕಾರ್ಡ್ ಮಾಡಿಕೊಂಡೆವು. ಈಗ ಅವು ಮೂರು ಕಡೆ ಇವೆ.