ಲಿನಕ್ಸ್: ಜಾಲದ ಡ್ರೈವ್‌ಗಾಗಿ ಗಣಕಯಂತ್ರ ಕಾಯಬೇಕಿಲ್ಲ

ಸರ್ವರ್‌ನಲ್ಲಿರುವ ಕಡತಗಳನ್ನು ತನ್ನದೇ ಡಿಸ್ಕ್‌ನಲ್ಲಿರುವಂತೆ ಬಳಸುವ ಸೌಲಭ್ಯ ಲಿನಕ್ಸ್ ಗಣಕಯಂತ್ರದಲ್ಲಿದೆ. ದೂರದ ಕಡತಕೋಶವನ್ನು ಹೀಗೆ ಸ್ಥಳೀಯ ಫೋಲ್ಡರ್‌ಗೆ ಜೋಡಿಸುವ ಕ್ರಿಯೆಗೆ ಮೌಂಟ್ ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಹಾಗೂ ವಿಂಡೋಸ್ ಜಾಲಗಳಲ್ಲಿ ರೂಢಿಯಲ್ಲಿರುವ ಎಸ್‌ಎಂಬಿ ಇದಕ್ಕೆ ಬಳಕೆಯಾಗುವ ಮುಖ್ಯ ಪ್ರೋಟೋಕಾಲ್‌ಗಳು.

ಗಣಕಯಂತ್ರ ಚಾಲನೆಗೊಂಡಾಗ ಏನೇನು ಮೌಂಟ್ ಆಗಬೇಕೆಂಬುದನ್ನು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಬರೆದಿಡಲಾಗುತ್ತದೆ. ಪ್ರತಿ ಸಾಲಿನಲ್ಲಿ ಆರು ಅಂಕಣಗಳಿದ್ದು, ನಾಲ್ಕನೆಯದು ಆಯ್ಕೆಗಳಿಗೆ ಮೀಸಲು. ವಿಳಂಬದ ಮೂಲವೂ ಪರಿಹಾರವೂ ಇರುವುದು ಈ ಅಂಕಣದಲ್ಲೇ.

2010ರಲ್ಲಿ ಪ್ರಕಟವಾಗಿ ಈಗ ಬಹುತೇಕ ಪ್ರಮುಖ ವಿತರಣೆಗಳಲ್ಲಿರುವ ಸಿಸ್ಟಂಡಿ ತಂತ್ರಾಂಶವು, ದೂರದ ಡ್ರೈವ್‌ಗಳ ಹಂತ ಮುಗಿದ ನಂತರವೇ ಬಳಕೆದಾರರ ಲಾಗಿನ್‌ಗೆ ಅನುವು ಮಾಡಿಕೊಡುತ್ತದೆ. ಸರ್ವರ್ ಸ್ಥಗಿತಗೊಂಡಿದ್ದರೆ ಸಾಮಾನ್ಯವಾಗಿ 90 ಸೆಕೆಂಡು ಕಾದು ಕೈಬಿಡುತ್ತದೆ. ವೈಫೈ ಬಳಸುವ ಲ್ಯಾಪ್‌ಟಾಪ್‌ಗಳ ಪಾಡು ಇನ್ನೂ ವಿಚಿತ್ರ. ವೈಫೈ ಗುಪ್ತಪದವು ಬಳಕೆದಾರರ ಖಾತೆಯೊಳಗೇ ಭದ್ರವಾಗಿದ್ದರೆ ಲಾಗಿನ್ ಆಗದೆ ಜಾಲವಿಲ್ಲ. ಲಾಗಿನ್‌ ಪರದೆಯೋ ಜಾಲಕ್ಕಾಗಿ ಕಾಯುತ್ತಿರುತ್ತದೆ!

ಇದಕ್ಕೆ ಹಲವರು ಸೂಚಿಸುವ ಮದ್ದು 'ನೋಫೇಲ್' ಆಯ್ಕೆ. ಇದನ್ನು ಸೇರಿಸಿದರೆ ಮೌಂಟ್ ವಿಫಲವಾದರೂ ಚಾಲನೆ ನಿಲ್ಲದು, ವಿಳಂಬವೂ ತಪ್ಪುತ್ತದೆ. ಆದರೆ ಇಲ್ಲೊಂದು ಅಪಾಯವಿದೆ. ಸರ್ವರ್ ಸಿಗದಿದ್ದಾಗ ಆ ಸ್ಥಳದಲ್ಲಿ ಉಳಿಯುವುದು ಬರೀ ಖಾಲಿ ಫೋಲ್ಡರ್. ರಾತ್ರಿ ತಾನಾಗಿ ಓಡುವ ಬ್ಯಾಕಪ್ ಪ್ರೋಗ್ರಾಂ ಅದನ್ನೇ ಸರ್ವರ್ ಎಂದು ನಂಬಿ, ಪ್ರತಿಗಳನ್ನೆಲ್ಲ ಸ್ಥಳೀಯ ಡಿಸ್ಕ್‌ಗೇ ಸುರಿಯಬಹುದು. ದೋಷಸೂಚನೆ ಬಾರದು. ಡಿಸ್ಕ್ ಕೆಟ್ಟ ದಿನ ಮೂಲದೊಡನೆ ಪ್ರತಿಯೂ ಹೋಗಿರುತ್ತದೆ.

ಆದ್ದರಿಂದ 'ಎಕ್ಸ್-ಸಿಸ್ಟಂಡಿ.ಆಟೊಮೌಂಟ್' ಎಂಬ ಆಯ್ಕೆಯೇ ಮೇಲು. ಇದರಲ್ಲಿ ಚಾಲನೆಯ ವೇಳೆ ಸರ್ವರ್‌ನ ಗೊಡವೆಗೇ ಹೋಗುವುದಿಲ್ಲ. ಫೋಲ್ಡರನ್ನು ಯಾರಾದರೂ ಮೊದಲ ಬಾರಿ ತೆರೆದಾಗ ಮಾತ್ರ ಮೌಂಟ್ ನಡೆಯುತ್ತದೆ. ಸರ್ವರ್ ಸಿಗದಿದ್ದರೆ ಬರೆಯಲು ಹೊರಟ ಪ್ರೋಗ್ರಾಂಗೆ ದೋಷ ಉತ್ತರವಾಗಿ ಬರುತ್ತದೆಯೇ ಹೊರತು ಖಾಲಿ ಫೋಲ್ಡರ್ ಒದಗುವುದಿಲ್ಲ. ಕಾಯುವಿಕೆ ಮಾತ್ರ ಪೂರ್ತಿ ಮಾಯವಾಗದು, ಆ ಕ್ಷಣಕ್ಕೆ ಮುಂದೂಡಲ್ಪಡುತ್ತದೆ. ಅದನ್ನು ಮೊಟಕುಗೊಳಿಸಲು 'ಎಕ್ಸ್-ಸಿಸ್ಟಂಡಿ.ಮೌಂಟ್-ಟೈಮ್‌ಔಟ್' ಆಯ್ಕೆಗೆ 10 ಸೆಕೆಂಡಿನಂಥ ಮಿತಿಯನ್ನು ನೀಡಬಹುದು.

'ನೆಟ್‌ಡೆವ್' ಆಯ್ಕೆಯನ್ನು ಸೇರಿಸುವ ವಾಡಿಕೆಯೂ ಇದೆ. ಎನ್‌ಎಫ್‌ಎಸ್, ಎಸ್‌ಎಂಬಿಗಳನ್ನು ಸಿಸ್ಟಂಡಿ ತಾನೇ ಗುರುತಿಸುವುದರಿಂದ ಅವುಗಳಿಗೆ ಅದು ಅಗತ್ಯವಿಲ್ಲ. ಎನ್‌ಎಫ್‌ಎಸ್‌ನಲ್ಲಿ 'ಸಾಫ್ಟ್' ಆಯ್ಕೆಯಿಂದ ದೂರವಿರುವುದು ಒಳಿತು, ಬರವಣಿಗೆಯ ನಡುವೆ ಸಂಪರ್ಕ ಕಡಿದರೆ ದತ್ತಾಂಶ ಕೆಡುವ ಸಂಭವವುಂಟು.

ಎಫ್‌ಎಸ್‌ಟ್ಯಾಬ್ ಕಡತವನ್ನು ಗಣಕಯಂತ್ರದ ಎಲ್ಲ ಬಳಕೆದಾರರೂ ಓದಬಲ್ಲರು. ಎಸ್‌ಎಂಬಿ ಗುಪ್ತಪದವನ್ನು ರೂಟ್ ಮಾತ್ರ ಓದಬಲ್ಲ ಬೇರೆ ಕಡತದಲ್ಲಿಟ್ಟು, 'ಕ್ರೆಡೆನ್ಷಿಯಲ್ಸ್' ಆಯ್ಕೆಯ ಮೂಲಕ ಅದರ ವಿಳಾಸವನ್ನಷ್ಟೇ ಇಲ್ಲಿ ಸೂಚಿಸಬೇಕು. ಬದಲಾವಣೆಗಳು ಗಣಕಯಂತ್ರವನ್ನು ಮರುಚಾಲನೆ ಮಾಡಿದಾಗ ಜಾರಿಗೆ ಬರುತ್ತವೆ.