ಸೌಂಡರ್ ಚಿತ್ರದ ಬ್ಯಾಂಡ್ ಸಂಖ್ಯೆ: ಎಲ್ಲಿಂದ ಬಂತು, ಹೇಗೆ ಗುರುತಿಸುವುದು?

ಹವಾಮಾನ ಉಪಗ್ರಹದ ಚಿತ್ರ ಎಂದೊಡನೆ ದೂರದರ್ಶನದ ವಾರ್ತೆಯಲ್ಲಿ ಕಾಣುವ ಮೋಡಗಳ ಭೂಪಟ ನಿಮ್ಮ ನೆನಪಿಗೆ ಬರುತ್ತದೆ. ಅದು ಇಮೇಜರ್ ಎಂಬ ಉಪಕರಣ ತೆಗೆದ ಚಿತ್ರ. ಸೌಂಡರ್ ಎಂಬ ಇನ್ನೊಂದು ಉಪಕರಣವೂ ಉಂಟು. ವಾಯುಮಂಡಲದ ಯಾವ ಎತ್ತರದಲ್ಲಿ ಎಷ್ಟು ಉಷ್ಣತೆ, ಎಷ್ಟು ನೀರಾವಿ ಎಂದು ಅಳೆಯುವುದು ಅದರ ಕೆಲಸ. ಭೂಸ್ಥಿರ ಕಕ್ಷೆಗೆ ಭಾರತದ ಮೊದಲ ಸೌಂಡರನ್ನು ಒಯ್ದದ್ದು 2013ರ ಜುಲೈ 26ರಂದು ಉಡಾವಣೆಯಾದ ಇನ್ಸ್ಯಾಟ್-3ಡಿ. ಉಪಗ್ರಹ ಸಿದ್ಧವಾದದ್ದು ಬೆಂಗಳೂರಿನಲ್ಲಿ. ಅದರ ನಿಯಂತ್ರಣ ಹಾಸನದಿಂದ.

ಈ ಸೌಂಡರಿಗೆ 19 ಬ್ಯಾಂಡ್‌ಗಳು. ಚಿತ್ರವನ್ನು ತರಗತಿಗೆ ಒಯ್ಯುವ ಅಧ್ಯಾಪಕರಿಗೆ ಮೊದಲ ತೊಡಕು ಇಲ್ಲಿಯೇ. ಇಮೇಜರಿನ ಆರು ಬ್ಯಾಂಡ್‌ಗಳ ಪಟ್ಟಿ ಗೋಚರ ಬೆಳಕಿನಿಂದ ಆರಂಭವಾಗಿ 12 ಮೈಕ್ರೊಮೀಟರಿನ ಅವಕೆಂಪಿನಲ್ಲಿ ಮುಗಿಯುತ್ತದೆ. ಸೌಂಡರಿನಲ್ಲಿ ಎಲ್ಲವೂ ತಿರುಗಾಮುರುಗಾ: 1ನೆಯದು 14.71 ಮೈಕ್ರೊಮೀಟರ್, 18ನೆಯದು 3.74, ಗೋಚರ ಬೆಳಕು ಕಟ್ಟಕಡೆಯ 19. ಏಕೆ ಹೀಗೆ?

ಇದರ ಉತ್ತರ 1959ರಷ್ಟು ಹಿಂದಿದೆ. ಆ ವರ್ಷ ಅಮೆರಿಕದ ಲೂಯಿಸ್ ಕ್ಯಾಪ್ಲನ್ ಒಂದು ವಿಚಾರ ಮುಂದಿಟ್ಟರು. ಇಂಗಾಲದ ಡೈಆಕ್ಸೈಡ್ 15 ಮೈಕ್ರೊಮೀಟರಿನ ಆಸುಪಾಸಿನ ಅವಕೆಂಪನ್ನು ಬಲವಾಗಿ ಹೀರುತ್ತದೆ. ದಟ್ಟ ಮಂಜಿನಲ್ಲಿ ನಿಮಗೆ ಹತ್ತಿರದ ಮರವಷ್ಟೇ ಕಾಣುತ್ತದಲ್ಲವೆ? ಹಾಗೆಯೇ ಹೀರಿಕೆ ಹೆಚ್ಚಿರುವ ಕಡೆ ಉಪಗ್ರಹಕ್ಕೆ ಕಾಣುವುದು ಅತಿ ಮೇಲಿನ ಗಾಳಿ ಮಾತ್ರ. ಮಂಜು ತೆಳುವಾದಂತೆ, ಅಂದರೆ ಈ ಪಟ್ಟಿಯ ನಡುವಿನಿಂದ ಅಂಚಿಗೆ ಸರಿದಂತೆ, ನೋಟ ಕೆಳಗಿಳಿಯುತ್ತದೆ. ಕೆಲವೇ ತರಂಗದೂರಗಳನ್ನು ಅಳೆದು ಎತ್ತರಕ್ಕೆ ತಕ್ಕ ಉಷ್ಣತೆಯನ್ನು ಲೆಕ್ಕಹಾಕಬಹುದು!

1969ರ ಏಪ್ರಿಲ್‌ನಲ್ಲಿ ನಿಂಬಸ್-3 ಉಪಗ್ರಹ ಇದನ್ನು ಮಾಡಿ ತೋರಿಸಿತು. ಡೇವಿಡ್ ವಾರ್ಕ್ ಮತ್ತು ಸಂಗಡಿಗರ ಆ ಉಪಕರಣದಲ್ಲಿ ಎಂಟು ಬ್ಯಾಂಡ್‌ಗಳಿದ್ದವು: ಏಳು ಡೈಆಕ್ಸೈಡ್ ಪಟ್ಟಿಯಲ್ಲಿ, ಒಂದು ನೆಲ ಕಾಣುವ 11 ಮೈಕ್ರೊಮೀಟರಿನ 'ಕಿಟಕಿ'ಯಲ್ಲಿ. ಇವರೆಲ್ಲ ರೋಹಿತಶಾಸ್ತ್ರದ ಜನ. ಅವರ ಭಾಷೆ ತರಂಗದೂರದ್ದಲ್ಲ, ತರಂಗಸಂಖ್ಯೆಯದು, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗಗಳೆಂಬುದು. 10,000ವನ್ನು ಮೈಕ್ರೊಮೀಟರಿನಲ್ಲಿರುವ ತರಂಗದೂರದಿಂದ ಭಾಗಿಸಿ ನೋಡಿ: 14.71ಕ್ಕೆ 680, 11.03ಕ್ಕೆ 907, 3.74ಕ್ಕೆ 2,674. ಸಂಖ್ಯೆ ಏರುತ್ತಲೇ ಹೋಗುತ್ತದೆ. 1978ರ ಟೈರಾಸ್-ಎನ್‌ನಲ್ಲಿ ಹೋದ 20 ಬ್ಯಾಂಡ್‌ಗಳ ಹಿರ್ಸ್ ಉಪಕರಣ ಇದೇ ಕ್ರಮ ಹಿಡಿಯಿತು. 1994ರ ಗೋಸ್-8ರ ಸೌಂಡರಿನಲ್ಲೂ, ನಮ್ಮ ಇನ್ಸ್ಯಾಟ್‌ನಲ್ಲೂ ಅದೇ ಮುಂದುವರಿಯಿತು.

ಆದರೆ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಹಿರ್ಸ್‌ನ 10ನೆಯ ಬ್ಯಾಂಡ್ ಮೊದಲು 8.2 ಮೈಕ್ರೊಮೀಟರಿನ ಸುಮಾರಿಗಿತ್ತು. 1988ರ ನೋವಾ-11ರಲ್ಲಿ ಅದನ್ನು ಸುಮಾರು 12.5ಕ್ಕೆ ಒಯ್ದರು, ಸಂಖ್ಯೆ ಮಾತ್ರ 10 ಆಗಿಯೇ ಉಳಿಯಿತು, ಕ್ರಮ ಮುರಿಯಿತು. 1991ರ ನೋವಾ-12ರಲ್ಲಿ ಮತ್ತೆ ಹಳೆಯದೇ! ದೀರ್ಘಕಾಲದ ದಾಖಲೆ ಜೋಡಿಸುವವರಿಗೆ ಇದು ಸಣ್ಣ ತಲೆನೋವಲ್ಲ.

ಹಾಗಾದರೆ ಶೀರ್ಷಿಕೆಯಿಲ್ಲದ ಚಿತ್ರ ಸಿಕ್ಕರೆ ಏನು ಮಾಡುವಿರಿ? ಭೌತಶಾಸ್ತ್ರವನ್ನೇ ಕೇಳಿ. ಕರಾವಳಿಯ ಗೆರೆಯಾಗಲಿ ಮೋಡವಾಗಲಿ ಕಾಣದೆ, ಎಲ್ಲೆಡೆ ಸುಮಾರು 220 ಕೆಲ್ವಿನ್‌ನ ನುಣುಪು ಬೂದುಬಣ್ಣವಿದ್ದರೆ ಅದು 1 ಅಥವಾ 2. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಕಪ್ಪಾಗಿ, ಸಮುದ್ರದಿಂದ ಬೇರೆಯಾಗಿ ಕಂಡರೆ 8. ಅದೇ ನೋಟ ತಣ್ಣಗಾಗಿ, ಮಸುಕಾಗಿ ಕಂಡರೆ ಓಝೋನಿನ 9.71 ಮೈಕ್ರೊಮೀಟರ್, ಅಂದರೆ 9. ಹಗಲಿನಲ್ಲಿ ಬಿಸಿಲಿನ ಪ್ರತಿಫಲನ ಬೆರೆತು ರಾತ್ರಿ ಬೇರೆಯೇ ತೋರುವುದು 18. ನೆಲ ಪೂರ್ತಿ ಮರೆಯಾಗಿ ಹೊಗೆಯಂತಹ ಸುರುಳಿಗಳಿದ್ದರೆ 11 ಅಥವಾ 12, ನೀರಾವಿಯ ಬ್ಯಾಂಡ್‌ಗಳು.

ಇಲ್ಲಿ ತಪ್ಪಿದರೆ ಏನಾಗುತ್ತದೆ? ನೀವು ಧಾರವಾಡ ಜಿಲ್ಲೆ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಿ ಅಧ್ಯಾಪಕರೆಂದು ಭಾವಿಸಿ. ಜೂನ್ ತಿಂಗಳು, ಬಿತ್ತನೆಗೆ ಕಾದಿರುವ ರೈತರು. ಚಿತ್ರದಲ್ಲಿ ಊರಿನ ಮೇಲೆ ಬಿಳುಪು. ಅದು 8ನೆಯ ಬ್ಯಾಂಡ್ ಆದರೆ ಎತ್ತರದ ಮೋಡ. 12 ಆದರೆ, ಹಲವು ಕಿಲೋಮೀಟರ್ ಮೇಲಿನ ಗಾಳಿಯ ನೀರಾವಿಯಷ್ಟೇ ಇರಬಹುದು. ಕೆಳಗೆ ಬಿಸಿಲು ಸುಡುತ್ತಿರಲೂ ಸಾಕು. ಎರಡನ್ನೂ 'ಮಳೆ ಮೋಡ' ಎಂದು ಮಕ್ಕಳಿಗೆ ತೋರಿಸಿದರೆ, ಆ ಮಾತು ಸಂಜೆಗೆ ಮನೆ ಮುಟ್ಟಿ ಮರುದಿನ ಬೀಜ ಮಣ್ಣಿಗೆ ಬಿದ್ದೀತು.

ಇನ್ನೊಂದು ಮಿತಿಯನ್ನೂ ಹೇಳಬೇಕು. 2016ರ ಇನ್ಸ್ಯಾಟ್-3ಡಿಆರ್, 2024ರ ಇನ್ಸ್ಯಾಟ್-3ಡಿಎಸ್ ಇವುಗಳ ಸೌಂಡರುಗಳಿಗೂ ಅವೇ 19 ಬ್ಯಾಂಡ್‌ಗಳು, ಅದೇ ಸುಮಾರು 10 ಕಿಲೋಮೀಟರಿನ ನೆಲಚೌಕ. ಅವಕೆಂಪು ದಟ್ಟ ಮೋಡವನ್ನು ದಾಟದು. ಮುಂಗಾರು ಜೋರಾಗಿ ದೇವಿಕೊಪ್ಪದ ಮೇಲೆ ಎತ್ತರದ ಮೋಡ ಕವಿದಾಗ 5, 8, 10 ಮೂರೂ ಆ ಮೋಡದ ತಣ್ಣನೆಯ ನೆತ್ತಿಯನ್ನೇ ತೋರಿಸುತ್ತ ಒಂದೇ ಬಗೆಯಾಗುತ್ತವೆ. ಆಗಲೂ 1ನೆಯ ಬ್ಯಾಂಡಿನಲ್ಲಿ ಮಾತ್ರ ಎಂದಿನ ಬೂದುಬಣ್ಣವೇ.